ಕುಂಟ ಬಂದ

ಫೆಸ್ ನಗರ, ಭಾನುವಾರ ಸಂಜೆ

ಅಪ್ಪನಿಗೆ ಸಲಾಂ.

ನಮ್ಮ ಮನೆತನದ ಹೆಸರು ಬದಲಾಯಿಸೋಕೆ ನೀವು ಬರೆಸಿಟ್ಟಿರೋ ಅರ್ಜಿಯನ್ನು ನಾಳೆ ಬೆಳಿಗ್ಗೆ ಕಚೇರಿಗೆ ಕೊಡಬೇಡಿ. ಅದಕ್ಕೇ ಈ ಕಾಗದವನ್ನು ಸೆಫ್ರುಗೆ ಬರೋ ನಮ್ಮೂರ ಬಸ್ಸಿನವರ ಕೈಲಿ ಕಳಿಸ್ತಿದೀನಿ.

ನಮ್ಮ ಅರಬ್ಬಿಯಲ್ಲಿ ಲಾರಜ್ ಅಂದರೆ ಕುಂಟ ಅಂತ ಯಾರಿಗೆ ಗೊತ್ತಿಲ್ಲ? ಇವತ್ತು ಓಟಕ್ಕೆ ನಿಂತಾಗ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಜನ ಗೊಳ್ಳೆಂದು ನಕ್ಕರು. "ಏ ಕುಂಟಿ, ಊರುಗೋಲು ಎಲ್ಲೇ?" ಅಂದ ಒಬ್ಬ. ಹತ್ತು ಕಿಲೋಮೀಟರ್ ಆದಮೇಲೆ ಅದೇ ಮೈಕು, "ಮೊದಲ ಸ್ಥಾನ, ಇಟ್ಟೊ ಲಾರಜ್!" ಅಂತು. ಈ ಸಲ ಒಬ್ಬರೂ ನಗಲಿಲ್ಲ ಅಪ್ಪಾ.

ಬಹುಮಾನ ಕೊಟ್ಟ ಮುದುಕರೊಬ್ಬರು ನನ್ನ ಕೈ ಬಿಡಲೇ ಇಲ್ಲ. "ಸೆಫ್ರುವಿನ ಲಾರಜ್ ಮನೆಯವಳೇನವ್ವ? ನಿನ್ನ ಮುತ್ತಜ್ಜ ಟಪಾಲು ಹೊತ್ತು ಓಡ್ತಿದ್ದ. ಹಿಮದಲ್ಲಿ ಜಾರಿ ಕಾಲು ಮುರಿದಮೇಲೂ ಬಿಡಲಿಲ್ಲ. 'ಕುಂಟ ಬಂದ' ಅಂತ ಯಾರಾದರೂ ಕೂಗಿದರೆ ಸಾಕು, ನಮ್ಮ ಹಳ್ಳಿಗೆ ಹಳ್ಳಿಯೇ ಬಾಗಿಲಿಗೆ ಬರ್ತಿತ್ತು" ಅಂದರು.

ಅರ್ಜಿ ಒಲೆಗೆ ಹಾಕಿ. ಬಾಗಿಲ ಮೇಲೆ ನೀವು ಸುಣ್ಣ ಬಳಿದು ಮುಚ್ಚಿದ ಹೆಸರನ್ನು ಮತ್ತೆ ಬರೆಸಿ. ನನ್ನ ಪಾದದಲ್ಲಿ ಬೊಬ್ಬೆ ಎದ್ದಿವೆ, ನಾಳೆ ಸಂಜೆ ಕುಂಟುತ್ತಲೇ ಬರ್ತೀನಿ. ನೀವು ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, 'ಕುಂಟಿ ಬಂದಳು' ಅಂತ ಕೂಗಬೇಕು.

ನಿಮ್ಮ ಮಗಳು,
ಇಟ್ಟೊ ಲಾರಜ್