ಬರೇ ನೀರು

ಇಲಕಲ್ಲ,
೧೮ ನವೆಂಬರ್ ೨೦೨೪

ಅಫ್ಸರ ಭೈಯಾನಿಗೆ ತಂಗಿ ಸಾಜಿಯಾಳ ಸಲಾಂ.

ಸೊಲ್ಲಾಪುರದಲ್ಲಿ ನೀನು, ಭಾಭಿ, ಮುಬಶೀರಾ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಅಮ್ಮಿ ದಿನಾ ಕೇಳುತ್ತಾಳೆ. ಅವಳ ಕೈ ಹೇಗಿದೆಯೆಂದು ನೀನು ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನ ಮಗಳು ಮುಬಶೀರಾಳ ನಿಶ್ಚಯಕ್ಕೆ ಬೀಗರು ಬರುವ ಮೊದಲು ನಮ್ಮ ಹೊರಗೋಡೆಯ ಪಾಚಿ ಹೋಗಬೇಕೆಂದು ಹುನಗುಂದದಿಂದ ಜೋರಾಗಿ ನೀರು ಚಿಮ್ಮಿಸುವ ಆ ಯಂತ್ರವನ್ನು ನೀನೇ ತರಿಸಿದೆ. ತಂದುಕೊಟ್ಟ ಬೀರೇಶ ನಮ್ಮಿಬ್ಬರ ಎದುರಿಗೇ ಹೇಳಿದ: "ಮೊದಲ ಮೀಟರ್ ಬೋರ್ಡಿಗೆ ಪ್ಲಾಸ್ಟಿಕ್ ಕಟ್ರಿ. ಎರಡು ಮೊಳ ದೂರ ಹಿಡೀರಿ. ಮಂದಿ ಹತ್ರ ಬಂದ್ರ ಗುಂಡಿ ಬಿಡ್ರಿ." ನೀನು ನಕ್ಕೆ. "ಬರೇ ನೀರು ಐತಲ್ಲೋ!" ಬೋರ್ಡಿಗೆ ಪ್ಲಾಸ್ಟಿಕ್ ಕಟ್ಟಿದ್ದು ನಾನು. ನೀನು ಪೈಪಿನ ಮೂತಿಯನ್ನು ಗೋಡೆಗೆ ತಾಗಿಸಿದಂತೆ ಹಿಡಿದೆ. ಪಾಚಿಯ ಜೊತೆ ಗಿಲಾವೂ ಉದುರಿತು. ಕಿಟಕಿಗೆ ಸಿಡಿದ ಕೆಸರು ಒರೆಸಲು ಅಮ್ಮಿ ಬಂದಳು. ಆಗಲೇ ನಿನಗೆ ಫೋನು ಬಂತು. ಒಂದು ಕೈಯಿಂದ ಅದನ್ನು ತೆಗೆಯುತ್ತ ನೀನು ಅಮ್ಮಿಯ ಕಡೆ ತಿರುಗಿದೆ. ಇನ್ನೊಂದು ಕೈ ಗುಂಡಿ ಬಿಟ್ಟಿರಲಿಲ್ಲ.

ಅಮ್ಮಿಯ ಬೆರಳಿಗೆ ಸೂಜಿ ಚುಚ್ಚಿದಷ್ಟೇ ಗಾಯ. ಅರಿಷಿಣ ಒತ್ತಿ, "ಏನೂ ಆಗಂಗಿಲ್ಲ ಅಮ್ಮಿ" ಎಂದು ನೀನು ಸಂಜೆಯ ಬಸ್ಸು ಹತ್ತಿದೆ. ಮೂರನೆಯ ದಿನಕ್ಕೆ ಕೈ ಮೊಣಕೈವರೆಗೆ ಬಾತಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, "ನೀರು ಚರ್ಮದ ಒಳಗ ಹೊಕ್ಕೈತ್ರಿ. ಅವತ್ತ ಬಂದಿದ್ರ ಬೆರಳು ಉಳೀತಿತ್ತು" ಎಂದರು. ಬಲಗೈಯ ತೋರುಬೆರಳು ತೆಗೆದರು. ನಲವತ್ತು ವರ್ಷ ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸಿದ ಬೆರಳು, ಭೈಯಾ. ಈಗಲೂ ಮಗ್ಗದ ಮುಂದೆ ಕೂತು ಎಳೆ ಹಿಡಿಯಲು ನೋಡುತ್ತಾಳೆ; ನನ್ನನ್ನು ಕಂಡರೆ ಎದ್ದುಬಿಡುತ್ತಾಳೆ.

ಉಳಿದ ಗೋಡೆಯನ್ನು ನಾನೇ ತೊಳೆದೆ. ಅಮ್ಮಿಯನ್ನು ಒಳಗೆ ಕೂರಿಸಿ, ಅಗಲ ಮೂತಿ ತೊಡಿಸಿ, ದೂರ ನಿಂತು. ಗಿಲಾವಿನ ಚೂರೂ ಬೀಳಲಿಲ್ಲ. ಒಂದೂವರೆ ತಾಸಿನ ಕೆಲಸ.

ಮೊನ್ನೆ ಫೋನಿನಲ್ಲಿ ನೀನು, "ಬೀಗರು ಕೇಳಿದ್ರ ಕೈ ಬಾಗಲದಾಗ ಸಿಕ್ಕಿತ್ತು ಅನ್ನು" ಎಂದೆ. ಅಮ್ಮಿ ಓಣಿಗೆಲ್ಲ ಆಗಲೇ ಹಾಗೆ ಹೇಳಿಯಾಗಿದೆ. ಮಗನ ಹೆಸರು ಕೆಡಬಾರದಲ್ಲ.

ಅವಳ ದುವಾ ನಿಮ್ಮೆಲ್ಲರ ಮೇಲಿದೆ. ಭಾಭಿಗೆ ನನ್ನ ಸಲಾಂ ತಿಳಿಸು.

ಸಾಜಿಯಾ

ತಾ.ಕ.: ನಿನ್ನೆ ಮುಬಶೀರಾ ಅಜ್ಜಿಯನ್ನು ವಿಚಾರಿಸಲು ಫೋನ್ ಮಾಡಿ, "ದಾದಿ ಕೈಗೆ ಏನಾತು? ಖರೆ ಹೇಳು" ಎಂದಳು. ಹೇಳಿಬಿಟ್ಟೆ. ಅವಳು ಬೀಗರಿಗೂ ಹೇಳಿದ್ದಾಳೆ. ಮುಂದಿನ ಶುಕ್ರವಾರ ಅವರು ಅಮ್ಮಿಯನ್ನು ನೋಡಲು ಬರುತ್ತಿದ್ದಾರೆ. ಅವರಿಗಿಂತ ಮೊದಲು ಬರುತ್ತೀಯೋ, ಆಮೇಲೋ, ನೀನೇ ನೋಡು.