ಜಯತ್ತೆಯ ಚಾಪೆ ಜಡೆ

ನನ್ನ ತಲೆಯ ಮೇಲೆ ಸಂಪೂರ್ಣ ಅಧಿಕಾರವಿದ್ದ ಜಯತ್ತೆಗೆ,

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಬ್ರಿಸ್ಬೇನಿಗೆ ಬಂದ ಮೊದಲ ಬೇಸಿಗೆಯಲ್ಲೇ ನಾನು ಕೂದಲನ್ನು ಭುಜದವರೆಗೆ ಕತ್ತರಿಸಿಬಿಟ್ಟೆ. ನೀನು ವರ್ಷಗಟ್ಟಲೆ ಹರಳೆಣ್ಣೆ ತಿಕ್ಕಿ ಬೆಳೆಸಿದ ಕೂದಲು! ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ನೀನು "ಎಣ್ಣೆ ಹಚ್ಕೋತೀಯೇನೇ ಪುಟ್ಟಿ?" ಎಂದಾಗ, ಉಣ್ಣೆ ಟೋಪಿ ಹಾಕಿಕೊಂಡು, "ಹ್ಞೂಂ ಅತ್ತೆ, ಇಲ್ಲಿ ವಿಪರೀತ ಚಳಿ" ಎಂದು ಮಾತು ತಿರುಗಿಸುತ್ತಿದ್ದೆ. ಅದೂ ಜನವರಿಯಲ್ಲಿ. ಒಮ್ಮೆ ನೀನು, "ಜನವರೀಲಿ ಅಲ್ಲಿ ಬೇಸಿಗೆ ಅಂತೆ ಕಣೇ, ಎದುರುಮನೆ ಹುಡುಗಿ ಹೇಳಿದ್ಳು" ಎಂದೆ, ಅಷ್ಟೇ. ನಿನಗೆ ಗೊತ್ತಿತ್ತು, ಅಲ್ಲವೇ? ಗೊತ್ತಿದ್ದೂ ಯಾಕೆ ಬೈಯಲಿಲ್ಲ?

ಮೈಸೂರಿನ ಮನೆಯ ಹಿತ್ತಲ ಮೆಟ್ಟಿಲು ನೆನಪಾಗುತ್ತದೆ. ಅಮ್ಮ ಪಾಠ ಮಾಡಲು ಏಳಕ್ಕೇ ಶಾಲೆಗೆ ಹೊರಟುಬಿಡುತ್ತಿದ್ದಳು. ನನ್ನ ತಲೆ ನಿನ್ನ ಪಾಲಿಗೆ. ಮೇಲಿನ ಮೆಟ್ಟಿಲಲ್ಲಿ ನೀನು, ಕೆಳಗಿನದರಲ್ಲಿ ನಾನು. ಏಳು ಎಳೆ ತೆಗೆದು, ಅಗಲವಾಗಿ, ಚಪ್ಪಟೆಯಾಗಿ, ಚಾಪೆ ಹೆಣೆದ ಹಾಗೆ ನೀನು ಹಾಕುತ್ತಿದ್ದ ಜಡೆ ನಮ್ಮ ಬೀದಿಯಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ. ದಿನವೆಲ್ಲ ಖೋ ಖೋ ಆಡಿ ಬಂದರೂ ಒಂದೆಳೆ ಕದಲುತ್ತಿರಲಿಲ್ಲ. ಆದರೆ ಎರಡು ಸುತ್ತಿಗೊಮ್ಮೆ ಬಲಗಿವಿಯ ಹಿಂದೆ ಚುರ್ ಎನ್ನುವಂತೆ ಎಳೆಯುತ್ತಿದ್ದೆಯಲ್ಲ, ಅದೊಂದು ನನಗಾಗುತ್ತಿರಲಿಲ್ಲ. ನಾನು "ಅಯ್ಯೋ!" ಎಂದು ಕಿರುಚಿದರೆ ನೀನು ಬಾಚಣಿಗೆಯ ಬೆನ್ನಿನಿಂದ ನೆತ್ತಿಗೆ ಟಕ್ ಎಂದು ಒಂದು ಕೊಟ್ಟು, "ಅಲ್ಲಾಡ್ಬೇಡ್ವೇ!" ಎಂದು ಗದರುತ್ತಿದ್ದೆ.

ಕಾಲೇಜಿಗೆ ಸೇರಿದ ಮೇಲೆ ಒಮ್ಮೆ, "ನಂಗೂ ಕಲ್ಸು ಅತ್ತೆ" ಎಂದಿದ್ದೆ. "ಇದ್ರಲ್ಲಿ ಕಲ್ಸೋದೇನಿದೆ? ದಿನಾ ಕೂತ್ಕೋತೀಯಲ್ಲ" ಎಂದು ನೀನು ನಕ್ಕೆ. ಕೂತುಕೊಂಡದ್ದೇನೋ ನಿಜ. ಆದರೆ ಬೆನ್ನು ಕೊಟ್ಟು ಕೂತವಳಿಗೆ ನಿನ್ನ ಕೈ ಎಲ್ಲಿ ಕಾಣಬೇಕು?

ಇಳಾ ಹುಟ್ಟಿದ ದಿನ ಫೋನಿನಲ್ಲಿ ನೀನು ಮೊದಲು ಕೇಳಿದ್ದು, "ಕೂದ್ಲು ಹೆಂಗಿದೆ?" ಎಂದು. ಅವಳಿಗೀಗ ಒಂಬತ್ತು ವರ್ಷ; ಕೂದಲು ನಿನ್ನದೇ, ಅಷ್ಟೇ ದಪ್ಪ. ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ನಮ್ಮ ಮನೆಯ ಗೋಡೆಯಲ್ಲಿ ನನ್ನ ಮೊಗ್ಗಿನ ಜಡೆಯ ಫೋಟೋ ಇದೆ. ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಕನ್ನಡಿಯಿಟ್ಟು ತೆಗೆಸಿದ್ದೆಯಲ್ಲ, ಅದೇ. ಕನ್ನಡ ಸಂಘದ ರಾಜ್ಯೋತ್ಸವದ ಡ್ಯಾನ್ಸಿಗೆ ತನಗೆ ಅಂಥದ್ದೇ ಜಡೆ ಬೇಕೆಂದು ಇಳಾ ಹಟ ಹಿಡಿದಳು. ಫೋಟೋ ಹತ್ತಿರದಿಂದ ನೋಡಿದೆ. ಬರೀ ಮಲ್ಲಿಗೆ ಮೊಗ್ಗು. ಅದರಡಿಯ ಹೆಣಿಗೆ ಒಂದಿಷ್ಟೂ ಕಾಣುವುದಿಲ್ಲ. ಸರಿ, ಹಳೆಯ ದುಪಟ್ಟಾ ಹರಿದು ಏಳು ಪಟ್ಟಿ ಮಾಡಿ, ಕುರ್ಚಿಗೆ ಕಟ್ಟಿ, ವಿಡಿಯೋ ನೋಡಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ಎರಡು ಸಲ ಸಾರು ಸೀದುಹೋಯಿತು. ಕೊನೆಗೆ ನೋಡಲು ನಿನ್ನದರಂತೆಯೇ ಇದ್ದ ಜಡೆಯೊಂದು ಬಂತು.

ಸ್ಟೇಜಿನ ಮೇಲೆ ಎರಡನೇ ಹಾಡಿಗೆ ಅದು ಸಡಿಲವಾಯಿತು. ಇಳಾ ಅಂಚಿಗೆ ಬಂದು, "ಅಮ್ಮಾ, ಇಟ್ಸ್ ಫಾಲಿಂಗ್ ಅಪಾರ್ಟ್!" ಎಂದು ಪಿಸುಗುಟ್ಟಿ, ಬಿಚ್ಚುಗೂದಲಲ್ಲೇ ಕುಣಿದು ಮುಗಿಸಿದಳು. ಅವಳಿಗೇನೂ ಅನ್ನಿಸಲಿಲ್ಲ. ನಾನು ಮಾತ್ರ ಕಾರ್ ಪಾರ್ಕಿನಲ್ಲಿ ಕೂತು ಗೋಳೋ ಎಂದು ಅತ್ತುಬಿಟ್ಟೆ. ನೀನು ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು, ಆದರೆ ಅಂದೇ ನನಗದು ನಿಜವೆನಿಸಿದ್ದು. ಆ ಜಡೆಯೂ ನಿನ್ನ ಜೊತೆಗೇ ಹೋಯಿತೇ? ಇನ್ನು ಯಾರನ್ನು ಕೇಳಲಿ...

ಕಳೆದ ಶನಿವಾರ ಮಧ್ಯಾಹ್ನ ಇಳಾ, "ಅಮ್ಮಾ, ಲೆಟ್ಸ್ ಸ್ವಾಪ್. ಐ'ಲ್ ಡೂ ಯುವರ್ಸ್" ಎಂದಳು. ನೀನು ಹೋದಮೇಲೆ ನಾನು ಕೂದಲು ಕತ್ತರಿಸಿಲ್ಲ. ಹರಕೆಯೇನೂ ಅಲ್ಲ, ಪಾರ್ಲರಿಗೆ ಕಾಲು ಹೋಗಲಿಲ್ಲ, ಅಷ್ಟೆ. ಹಿಂಬಾಗಿಲ ಮೆಟ್ಟಿಲಲ್ಲಿ ಅವಳು ಮೇಲೆ, ನಾನು ಕೆಳಗೆ. ಕಣ್ಣು ಮುಚ್ಚಿದೆ. ಅವಳ ಬೆರಳು ಆಡುತ್ತಿದ್ದಂತೆ ನನ್ನ ಬಾಯಿಯಿಂದ ತಾನಾಗಿ ಮಾತು ಹೊರಟಿತು: "ಅಲ್ಲಿಂದಲ್ಲ, ಎಡಗಡೆ ತುದೀದು... ಈಗ ಕೆಳಗಿಂದ ತಗೋ." ಕಣ್ಣಿಗೆ ಕಾಣದ್ದು ನೆತ್ತಿಗೆ ನೆನಪಿತ್ತು ಅತ್ತೆ! ಎರಡು ಸುತ್ತಾಯಿತು. ಏನೋ ಬರಬೇಕಿತ್ತು, ಬರಲಿಲ್ಲ. ಆಗ ಹೊಳೆಯಿತು. ಆ ಎಳೆತ! ಯಾವುದನ್ನು ನಾನು ಬೈದುಕೊಳ್ಳುತ್ತಿದ್ದೆನೋ ಅದೇ ಜಡೆಯನ್ನು ಬಿಗಿಯಾಗಿ ಹಿಡಿದಿಡುತ್ತಿತ್ತು. ಮಗುವಿಗೆ ನೋವಾದೀತೆಂದು ನಾನು ಇಳಾಳ ಕೂದಲನ್ನು ಒಮ್ಮೆಯೂ ಹಾಗೆ ಎಳೆದಿರಲಿಲ್ಲ.

"ಬಲಗಡೆ ಕೊನೇದನ್ನ ಜೋರಾಗಿ ಎಳಿ" ಎಂದೆ.

"ಇಟ್'ಲ್ ಹರ್ಟ್, ಅಮ್ಮಾ."

"ನೋಯ್ಲಿ. ಎಳಿ."

ಎಳೆದಳು. ನಾನು "ಅಯ್ಯೋ!" ಎಂದು ಕಿರುಚಿದೆ. ನೆತ್ತಿಗೆ ಟಕ್ ಎಂದು ಬಾಚಣಿಗೆ ಬಿತ್ತು. "ಅಲ್ಲಾಡ್ಬೇಡ್ವೇ!" ಎಂದಳು, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಎಲ್ಲಿ ಕಲಿತಳು? ಬೆಳಿಗ್ಗೆ ಬೆಳಿಗ್ಗೆ ಅವಳ ತಲೆ ಬಾಚುತ್ತ ನಾನೇ ಹಾಗೆ ಗದರುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ.

ಆ ಜಡೆಯಲ್ಲೇ ಬಟ್ಟೆ ಒಗೆದು ಹರವಿದೆ, ಹುಲ್ಲು ಕತ್ತರಿಸಿದೆ, ಅಡುಗೆ ಮಾಡಿದೆ. ಮಲಗುವ ಹೊತ್ತಿಗೂ ಒಂದೆಳೆ ಕದಲಿರಲಿಲ್ಲ. ಮುಂದಿನ ಡ್ಯಾನ್ಸಿಗೆ ಇಳಾಗೆ ನಾನೇ ಹಾಕುತ್ತೇನೆ, ಚೆನ್ನಾಗಿ ಎಳೆದು. ಕಿರುಚಿದರೆ ಕಿರುಚಲಿ.

ನನ್ನ ಕೂದಲು ಈಗ ಸೊಂಟ ಮುಟ್ಟಿದೆ. ಎಣ್ಣೆಯನ್ನೂ ಹಚ್ಚುತ್ತಿದ್ದೇನೆ, ಈ ಸಲ ನಿಜವಾಗಿ. ಟೋಪಿ ತೆಗೆದಿದ್ದೇನೆ ಅತ್ತೆ, ನೋಡು.

ನಿನ್ನ ಪುಟ್ಟಿ