ಶೇಷ ಹೊನ್ನಣ್ಣನ ಪಾಲು

ತದಡಿ,
ತಾ. ೧೪-೧೧-೧೯೪೩

ಗಣಿತಸಾರ್ವಭೌಮ, ಏಡಿಭಯಂಕರ, ಪ್ರೀತಿಯ ಹೊನ್ನಣ್ಣನ ಪಾದಗಳಿಗೆ ತಮ್ಮ ಮಾಬ್ಲನ ಉದ್ದಂಡ ನಮಸ್ಕಾರ.

ಮೈಯಲ್ಲಿ ಹುಷಾರಿದ್ದೀಯಾ? ಹಡಗಿನ ಊಟ ಹಿಡಿಸುತ್ತದೆಯೇ? ಇದನ್ನು ಹನ್ನೊಂದನೆಯ ಸಲ ಕೇಳುತ್ತಿದ್ದೇನೆ. ಹಿಂದಿನ ಹತ್ತಕ್ಕೂ ಉತ್ತರವಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ. ನಾನು ಕ್ಷೇಮ, ಅಂದರೆ ಶಾಲೆಯಲ್ಲಿ ಪೆಟ್ಟು ತಿನ್ನುವಷ್ಟು ಗಟ್ಟಿಯಾಗಿದ್ದೇನೆ.

ನೀನು ಹೊರಟ ದಿನ ನಿನ್ನ ಟ್ರಂಕಿನಲ್ಲಿ ಜೀವಂತ ಏಡಿ ಇಟ್ಟ ಮಹಾಪರಾಧಿ ನಾನೇ ಎಂದು ಈ ಮೂಲಕ ಒಪ್ಪಿಕೊಂಡಿದ್ದೇನೆ. ಆದರೆ ಮುಂಬಯಿಯಿಂದ ನೀನು ಕಾರ್ಡಿನಲ್ಲಿ ತೀರಿಸಿಕೊಂಡ ಸೇಡು ಏಡಿಗಿಂತ ಗಟ್ಟಿಯಾಗಿ ಕಚ್ಚಿದೆ. “೨,೧೪,೭೪,೮೩,೬೪೭. ಇದನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ ಹುಡುಕು ಮಾಬ್ಲಾ. ಒಂದು ನಡೆಯುವುದಿಲ್ಲ, ಅದೇ ಸಂಖ್ಯೆಯೂ ನಡೆಯುವುದಿಲ್ಲ. ಸಿಕ್ಕ ದಿನ ಊರಿಗೆ ಬರುತ್ತೇನೆ.” ಅದೇ ನಿನ್ನ ಕೊನೆಯ ಕಾರ್ಡು. ಇಪ್ಪತ್ತೊಂದು ತಿಂಗಳಾಯಿತು.

ದಿನಕ್ಕೆ ಎಂಟೊಂಬತ್ತು ಭಾಗಾಕಾರ. ಯುದ್ಧದ ದೆಸೆಯಿಂದ ಕಾಗದ ಸಿಗುವುದಿಲ್ಲ, ಅಂಗಳದ ಮರಳೇ ನನ್ನ ಪಾಟಿ. ಬಲೆ ಎಳೆದ ಮೇಲೆ ದಂಡೆಯಲ್ಲಿ ಮೀನನ್ನು ಸಮಪಾಲು ಹಾಕಿ, ಪಾಲಿಗೆ ಸಾಲದೆ ಉಳಿದದ್ದನ್ನು ದೂರ ಕಡಲಿಗೆ ಹೋದವನ ಮನೆಗೆ ಕೊಡುತ್ತಾರಲ್ಲ, ಅಮ್ಮ ನನ್ನ ಲೆಕ್ಕಕ್ಕೂ ಅದನ್ನೇ ಹಚ್ಚಿದ್ದಾಳೆ. ಮೂರರಿಂದ ಭಾಗಿಸಿದೆ, ಒಂದು ಉಳಿಯಿತು. ಏಳರಿಂದಲೂ ಒಂದು, ಹನ್ನೊಂದರಿಂದಲೂ ಒಂದು. “ಒಂದ್ ಉಳೀತಾ? ಅದು ನಮ್ ಹೊನ್ನಂದೇ ಪಾಲು. ಪಾಲು ಉಳಿದ್ರೆ ಅಂವ ಬರೂದೇ ಆತು” ಅಂದಳು. ಅಂದಿನಿಂದ ದಿನಾ ಬೆಳಿಗ್ಗೆ “ಇಂದೆಂತ ಉಳೀತು ಮಾಬ್ಲಾ?” ಎಂದು ಕೇಳುತ್ತಾಳೆ. ಅಂಗಳ ಗುಡಿಸುವಾಗ ಉಳಿದ ಅಂಕಿಯೊಂದನ್ನು ಬಿಟ್ಟು ಸುತ್ತ ಗುಡಿಸುತ್ತಾಳೆ. ನಾನು ಅದನ್ನು ತುಳಿದರೆ ಕಸಬರಿಗೆಯ ಹಿಂಬದಿಯಿಂದ ಬೀಳುತ್ತದೆ.

ಲೆಕ್ಕ ಇನ್ನೂ ನಡೆದಿದೆ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ತಲೆ ಒದ್ದೆ ಇಟ್ಟುಕೊಂಡು ಗಾಳಿಗೆ ನಿಲ್ಲಬೇಡವಂತೆ.

ನಿನ್ನ ಸೋಲೊಪ್ಪದ ತಮ್ಮ,
ಮಾಬ್ಲ

ವಿ.ಸೂ.: ಮೇಲಿನದಷ್ಟನ್ನು ಅಮ್ಮನಿಗೆ ಓದಿ ಹೇಳಿದೆ. ಇದು ನಿನಗೆ ಮಾತ್ರ. ಲೆಕ್ಕ ಹೋದ ವಾರವೇ ಮುಗಿಯಿತು. ೪೬,೩೩೭ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿದೆ; ಪ್ರತಿ ಸಲವೂ ಏನಾದರೊಂದು ಉಳಿಯಿತು. ಅದರಾಚೆ ಹುಡುಕಬೇಕಿಲ್ಲ ಎಂದರು ನಮ್ಮ ಗಣಿತದ ಮಹಾಗಣಪತಿ ಮಾಸ್ತರರು. “ಇದು ಯಾವುದಕ್ಕೂ ಭಾಗ ಹೋಗೂದಲ್ಲ ಮಾರಾಯಾ. ನಿನ್ನಣ್ಣಂಗೆ ಮೊದಲೇ ಗೊತ್ತಿತ್ತು.” ಏನೂ ಉಳಿಯದಿದ್ದರೆ ತಾನೇ ನೀನು ಬರುವುದು? ಅಮ್ಮನಿಗೆ ಹೇಗೆ ಹೇಳಲಿ? ಆಷಾಢದಲ್ಲಿ ಬಂದ ಹಡಗು ಕಂಪನಿಯ ಕಾಗದವನ್ನೂ ಅವಳಿಗೆ “ಹಡಗು ತಡ” ಎಂದು ಓದಿದೆ. ಅದರಲ್ಲಿದ್ದದ್ದು: ಹಡಗು ಮುಳುಗಿದೆ, ಬದುಕಿದವರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ನನ್ನ ಜನ್ಮದ ಅತಿ ದೊಡ್ಡ ಚೇಷ್ಟೆ ಅದೇ ಅಣ್ಣಾ, ಒಬ್ಬರೂ ನಗಲಿಲ್ಲ. ಎಲ್ಲೋ ಕಳೆಯುವಾಗ ತಪ್ಪಿರಬಹುದು. ಇವತ್ತು ಮೂರರಿಂದ ಮತ್ತೆ ಶುರು ಮಾಡಿದ್ದೇನೆ. ಒಂದು ಉಳಿದಿದೆ. ಅಮ್ಮ ಅದರ ಸುತ್ತ ಗುಡಿಸುತ್ತಿದ್ದಾಳೆ.